ಕೈಗವಸಿನ ಅಚ್ಚಾದ ಆರ್ಗನ್ ಪುಸ್ತಕ

ನಮ್ಮ ಓಣಿಯಲ್ಲಿ ಆಂಬ್ರೋಸ್ ಟರ್ವಿಯನ್ನು ಎಲ್ಲರೂ ಮೇಷ್ಟ್ರು ಎಂದೇ ಕರೆಯುತ್ತಿದ್ದರು. ಅವರು ಯಾರಿಗೂ ಏನನ್ನೂ ಕಲಿಸದೆ ಎಷ್ಟೋ ಕಾಲವಾಗಿತ್ತು, ಆದರೂ ಆ ಹೆಸರು ಹೋಗಲಿಲ್ಲ. ಕಿಟಕಿಯ ಪಕ್ಕದ ಹಲಗೆಯ ಮುಂದೆ ನಿಂತು ಮೇಕೆ ತೊಗಲನ್ನು ಕೈಗವಸಿಗೆ ಕತ್ತರಿಸುವುದು ಅವರ ಕೆಲಸ. ಕತ್ತರಿಸಿದ್ದನ್ನು ಅವರ ಹೆಂಡತಿ ಡೋರ್ಕಸ್ ಮತ್ತು ನಾನು ಕೂತು ಹೊಲಿಯುತ್ತಿದ್ದೆವು. ಡೋರ್ಕಸ್ ನನ್ನ ದೊಡ್ಡಪ್ಪನ ಮಗಳು, ನನಗೆ ಅಕ್ಕ. ನನ್ನ ಗಂಡ ಬೇಗ ಹೋದ ಮೇಲೆ ನನ್ನ ಹಗಲೆಲ್ಲ ಅವರ ಮನೆಯಲ್ಲೇ ಕಳೆಯುತ್ತಿತ್ತು. ಹಾಗಾಗಿ ಮೇಷ್ಟ್ರ ವಿಷಯ ನನಗೆ ಗೊತ್ತಿರುವಷ್ಟು ಇನ್ನು ಯಾರಿಗೂ ಗೊತ್ತಿರಲಿಕ್ಕಿಲ್ಲ. ಗೊತ್ತು ಅಂದರೆ, ಕಣ್ಣಿಗೆ ಕಂಡಷ್ಟು.

ತೊಗಲಿಗೆ ಕೈ ಹಾಕುವ ಮೊದಲು ಅವರು ದೊಡ್ಡ ಚರ್ಚಿನಲ್ಲಿ ಆರ್ಗನ್ ನುಡಿಸುತ್ತಿದ್ದರು. ಹಾಡುವ ಹುಡುಗನಾಗಿ ಅಲ್ಲಿಗೆ ಸೇರಿ, ಗಂಟಲು ಒಡೆದ ಮೇಲೆ ಮುದಿ ಆರ್ಗನಿಸ್ಟನ ಕೈಕೆಳಗೆ ಕಲಿತು, ಆತ ತೀರಿಕೊಂಡಾಗ ಆ ಮಣೆಯ ಮೇಲೆ ತಾವೇ ಕೂತರು. ಡೋರ್ಕಸಳ ಅಪ್ಪನಿಗೆ ಈ ಸಂಬಂಧ ಅಷ್ಟೇನೂ ಇಷ್ಟವಿರಲಿಲ್ಲ. ನಾವು ತಲೆತಲಾಂತರದಿಂದ ಕೈಗವಸಿನವರು. "ಬೆರಳಾಡಿಸಿ ಬದುಕೋ ಗಂಡು ಬೇಕಿದ್ರೆ ನಮ್ಮ ಕಸುಬಲ್ಲೇ ಬೇಕಾದಷ್ಟು ಜನ ಇದ್ದಾರೆ" ಎಂದಿದ್ದರು ದೊಡ್ಡಪ್ಪ. ಡೋರ್ಕಸ್ ಹಟ ಹಿಡಿದು ಮದುವೆಯಾದಳು.

ಆಗ ಮೇಷ್ಟ್ರ ಹತ್ತಿರ ಒಂದು ಪುಸ್ತಕವಿತ್ತು. ಆರ್ಗನ್ನಿನ ಸಂಗೀತ ಅಂಗಡಿಯಲ್ಲಿ ಸಿಗುವ ಸಾಮಾನಲ್ಲ. ಗುರುವಿನ ಪುಸ್ತಕವನ್ನು ಎದುರಿಗಿಟ್ಟುಕೊಂಡು ಶಿಷ್ಯನೇ ಕೂತು ಬರೆದುಕೊಳ್ಳಬೇಕು. ಸ್ವರ ಗುರುತು ಹಾಕಲು ಬಲಗೈಗೆ ಆರು ಗೆರೆ, ಎಡಗೈಗೆ ಆರು ಗೆರೆ. ಮೇಷ್ಟ್ರು ಮದುವೆಗೆ ಮೊದಲೂ ಬರೆದರು, ಮದುವೆಯಾದ ಮೇಲೂ ಬರೆದರು. ಗಾಯಕರ ಜೊತೆ ನುಡಿಸುವಂಥವಕ್ಕೆ ಮೇಲಿನ ಸಾಲು, ಕೆಳಗಿನ ಸಾಲು ಇಷ್ಟೇ ಬರೆದು ನಡುವೆ ಬರೀ ಗೆರೆ ಬಿಟ್ಟಿರುತ್ತಿದ್ದರು. ಆ ನಡುವಿನದನ್ನು ನುಡಿಸುವವನ ಬೆರಳು ತುಂಬಿಕೊಳ್ಳಬೇಕು. ಆಮೇಲೆ ಪ್ರಾರ್ಥನೆಯ ಮೊದಲೂ ಕೊನೆಗೂ ಒಬ್ಬರೇ ನುಡಿಸುವ ದೊಡ್ಡ ದೊಡ್ಡ ರಚನೆಗಳು, ಆರ್ಗನ್ನಿನ ಹಾಗೇ ಬೆರಳಿನಿಂದ ಒತ್ತಿ ನುಡಿಸುವ ಮನೆಯ ಪುಟ್ಟ ತಂತಿಪೆಟ್ಟಿಗೆಗೆ ಕುಣಿತಗಳು. ಎಲ್ಲಕ್ಕಿಂತ ಕೊನೆಯಲ್ಲಿ ಮಗಳು ಹೆಸ್ಟರ್‌ಗಾಗಿ ಬರೆದ ಸಣ್ಣ ಪಾಠಗಳು. ಅವುಗಳಲ್ಲಿ ಸ್ವರದ ನೆತ್ತಿಯ ಮೇಲೆ ಯಾವ ಬೆರಳು ಎಂದು ಅಂಕಿ ಹಾಕಿತ್ತು.

ರಾಜರಿಗೂ ಪಾರ್ಲಿಮೆಂಟಿಗೂ ಯುದ್ಧ ಶುರುವಾಗಿ ಎರಡನೆಯ ಬೇಸಿಗೆಯೋ ಮೂರನೆಯದೋ, ಊರಲ್ಲಿ ಜ್ವರ ಬಂತು. ಹೆಸ್ಟರ್ ಹೋದಳು. ಡೋರ್ಕಸ್ ನೆಲಕ್ಕೆ ಬಿದ್ದು ಅತ್ತಳು, ತಲೆಗೂದಲು ಕಿತ್ತುಕೊಂಡಳು. ಮೇಷ್ಟ್ರು ಮಣ್ಣು ಹಾಕಿ ಬಂದು ಕೈ ತೊಳೆದುಕೊಂಡು ಸಂಜೆಯ ಪ್ರಾರ್ಥನೆಗೆ ನುಡಿಸಲು ಹೋದರು. ದುಃಖ ಹೊರಗೆ ಬರಲು ಕೆಲವರಿಗೆ ಸಮಯ ಬೇಕಾಗುತ್ತದೆ ಎಂದುಕೊಂಡೆವು.

ಅದೇ ವರ್ಷ ಎಲೆ ಉದುರುವ ಹೊತ್ತಿಗೆ ಪಾರ್ಲಿಮೆಂಟಿನ ಸಿಪಾಯಿಗಳು ಊರಿಗೆ ಬಂದರು. ಚರ್ಚಿನಲ್ಲಿ ವಾದ್ಯವೂ ಚಿತ್ರವೂ ಪಾಪ ಎನ್ನುವವರು ಅವರು. ಚರ್ಚಿನಲ್ಲಿ ಕುದುರೆ ಕಟ್ಟಿದರು. ಬಣ್ಣದ ಗಾಜು ಒಡೆದರು. ಆರ್ಗನ್ನಿನ ಮೇಲೆ ಹತ್ತಿ ಕೊಡಲಿ ಹಾಕಿದರು, ತಿದಿಗಳ ತೊಗಲು ಸೀಳಿದರು. ಸೀಸದ ಕೊಳವೆಗಳನ್ನು ಬಗಲಲ್ಲಿಟ್ಟುಕೊಂಡು ಬೀದಿಯಲ್ಲಿ ಊದುತ್ತಾ ಹೋಗಿ ಏಲ್ ಎಂಬ ಬಾರ್ಲಿಯ ಹೆಂಡ ಮಾರುವವರಿಗೆ ಕೊಟ್ಟು ಕುಡಿದರು. ಸಿಪಾಯಿಗಳಷ್ಟೇ ಅಲ್ಲ, ನಮ್ಮ ಊರಿನವರೂ ಒಂದಷ್ಟು ಜನ ಕೈ ಸೇರಿಸಿದರು. ಮೇಷ್ಟ್ರು ಬಾಗಿಲ ಹತ್ತಿರ ಕಂಬಕ್ಕೆ ಒರಗಿ ಪೂರ್ತಿ ನೋಡಿದರು. ಯಾರೋ ಒಬ್ಬ ಸಿಪಾಯಿ ಅವರ ಕೈಗೇ ಒಂದು ಕೊಳವೆ ತುರುಕಿ "ಊದು ಮಾರಾಯ" ಎಂದನಂತೆ. ಅವರು ಊದಿದರಂತೆ. ಮನೆಗೆ ಬಂದು ಬಟಾಣಿ ಗಂಜಿ ಉಂಡು ಮಲಗಿದರು.

ಮೇಷ್ಟ್ರಿಗೆ ಅಳುವೂ ಸಿಟ್ಟೂ ಹೀಗೆ ಆರಿಹೋದದ್ದು ಮಗಳು ಹೋದದ್ದರಿಂದಲೋ ಆರ್ಗನ್ ಹೋದದ್ದರಿಂದಲೋ ಎಂದು ಓಣಿಯಲ್ಲಿ ಬಹಳ ದಿನ ಮಾತು ನಡೆಯಿತು. ಒಮ್ಮೆ ನಾನೇ ಕೇಳಿದೆ. ಅವರು ಕತ್ತರಿ ನಿಲ್ಲಿಸಿ, "ನಂಗೂ ಗೊತ್ತಿಲ್ಲ ಸಿಸ್ಲಿ. ಒಂದಿನ ನೋಡ್ಕೊಂಡೆ, ಇರ್ಲಿಲ್ಲ" ಎಂದರು. ಏನು ಇರಲಿಲ್ಲ ಎಂದು ನಾನು ಕೇಳಲಿಲ್ಲ.

ಚರ್ಚಿನ ಕೆಲಸ ಹೋದ ಮೇಲೆ ದೊಡ್ಡಪ್ಪ ಅಳಿಯನನ್ನು ಹಲಗೆಯ ಮುಂದೆ ನಿಲ್ಲಿಸಿದರು. ಅವರ ಕೈ ಕೆಲಸಕ್ಕೆ ಬೇಗ ಒಗ್ಗಿತು. ಒದ್ದೆ ತೊಗಲನ್ನು ಎಳೆದು ಎಷ್ಟು ಹಿಗ್ಗುತ್ತದೆ ಎಂದು ಬೆರಳಿನಿಂದಲೇ ಹೇಳುತ್ತಿದ್ದರು. ತಂತಿಪೆಟ್ಟಿಗೆಯನ್ನು ಯಾರೋ ಹಳ್ಳಿಯ ಜಮೀನ್ದಾರರು ಕೇಳಿದರು, ಕೊಟ್ಟುಬಿಟ್ಟರು. ಗಾಡಿಗೆ ಏರಿಸುವಾಗ ಅದರ ಒಂದು ತುದಿ ಹಿಡಿದು ತಾವೇ ಎತ್ತಿಕೊಟ್ಟರು.

ಇದೆಲ್ಲ ಡೋರ್ಕಸ್‌ಗೆ ತಡೆಯಲಿಕ್ಕಾಗಲಿಲ್ಲ. ಅವಳು ಬೈದು ಜಗಳವಾಡಿ ಹಗುರಾಗುವ ಹೆಂಗಸು. ಜಗಳಕ್ಕೆ ಎದುರಿಗೊಬ್ಬರು ಬೇಕು. ಊಟಕ್ಕೆ ಉಪ್ಪು ಹಾಕದೆ ಇಟ್ಟು ನೋಡಿದಳು, ಅವರು ಉಂಡರು. ಹೆಸ್ಟರಳ ಹೆಸರೆತ್ತಿ ಚುಚ್ಚಿ ನೋಡಿದಳು. "ಮಗಳ ಮುಖ ನೆನಪಿದ್ಯಾ, ಅದೂ ಮರ್ತೋಯ್ತಾ?" ಎಂದು ನನ್ನ ಎದುರೇ ಕೇಳಿದಳು. "ನೆನಪಿದೆ" ಎಂದರು ಅವರು, ಸಮಯ ಕೇಳಿದವರಿಗೆ ಹೇಳುವ ಹಾಗೆ.

ದೊಡ್ಡಪ್ಪ ಸತ್ತ ವರ್ಷ ಮಳೆ ಹಿಡಿದ ದಿನಗಳಲ್ಲಿ ಅಟ್ಟದ ಮೇಲಿದ್ದ ಅಚ್ಚುಗಳನ್ನೆಲ್ಲ ಇಲಿಗಳು ತಿಂದು ಹಾಕಿದವು. ಅಚ್ಚು ಇಲ್ಲದೆ ಕೈಗವಸಿನ ಕೆಲಸ ನಡೆಯುವುದಿಲ್ಲ. ದಪ್ಪ ಕಾಗದದಲ್ಲಿ ಅಂಗೈ, ಹೆಬ್ಬೆರಳು, ಬೆರಳ ಸಂದಿನ ಪಟ್ಟಿ ಎಲ್ಲ ಕತ್ತರಿಸಿಟ್ಟುಕೊಂಡು, ಅದನ್ನು ತೊಗಲಿನ ಮೇಲಿಟ್ಟು ಗೆರೆ ಎಳೆಯಬೇಕು. ನಾನು ಬಾಗಿಲ ಬಳಿ ಹೊಲಿಯುತ್ತಾ ಕೂತಿದ್ದೆ. ಡೋರ್ಕಸ್ ಪೆಟ್ಟಿಗೆಯಿಂದ ಆ ಪುಸ್ತಕ ತೆಗೆದು ತಂದು ಹಲಗೆಯ ಮೇಲೆ ಇಟ್ಟಳು.

"ಅಲ್ರೀ, ಅಚ್ಚಿಗೆ ಗಟ್ಟಿ ಕಾಗದ ಬೇಕು. ಇದನ್ನ ತಗೊಳ್ಳಲಾ?"

"ತಗೋ."

"ಒಂದೆರಡು ಹಾಳೆ ಅಲ್ಲ, ಪೂರ್ತಿ ಬೇಕಾಗತ್ತೆ. ಎರಡೆರಡು ಹಾಳೆ ಅಂಟಿಸಿದ್ರೇನೇ ನಿಲ್ಲೋದು."

"ಪೂರ್ತಿ ತಗೋ. ಅದ್ರಿಂದ ಇನ್ನೇನಾಗ್ಬೇಕು."

ಡೋರ್ಕಸ್ ಚಾಕು ತೆಗೆದುಕೊಂಡು ಪುಸ್ತಕದ ಬೆನ್ನಿನ ದಾರ ಕೊಯ್ದಳು. ಒಂದೊಂದು ದಾರ ಕೊಯ್ದಾಗಲೂ ಗಂಡನ ಮುಖ ನೋಡುತ್ತಿದ್ದಳು. ಹಿಟ್ಟು ಬೇಯಿಸಿ ಅಂಟು ಮಾಡಿ, ಹಾಳೆಗೆ ಹಾಳೆ ಅಂಟಿಸಿ, ಒಣಗಿದ ಮೇಲೆ ಕತ್ತರಿ ಹಿಡಿದಳು. ಮೊದಲ ಅಂಗೈಯ ಅಚ್ಚು ಕತ್ತರಿಸುವಾಗ ಹಾಳೆ ಜಾರಿತು. ಮೇಷ್ಟ್ರು ಎದ್ದು ಬಂದು ಹಾಳೆಯ ಆ ತುದಿಯನ್ನು ಒತ್ತಿ ಹಿಡಿದುಕೊಂಡರು.

"ಅಂಚಿಗೆ ಹತ್ರ ತಗೊಂಡು ಕತ್ತರ್ಸು. ಕಾಗದ ವ್ಯರ್ಥ ಆಗ್ಬಾರ್ದು" ಎಂದರು.

ಡೋರ್ಕಸ್ ಅವತ್ತು ಪೂರ್ತಿ ಪುಸ್ತಕ ಮುಗಿಸಿದಳು. ಉಳಿದ ಚೂರುಗಳನ್ನು ಒಲೆಗೆ ಹಾಕಿದಳು. ಆಮೇಲೆ ಹಿತ್ತಲಿಗೆ ಹೋದವಳು ಬಹಳ ಹೊತ್ತು ಒಳಗೆ ಬರಲಿಲ್ಲ.

ಹೀಗೇ ಕಾಲ ಹೋಯಿತು. ಆ ಅಚ್ಚುಗಳಲ್ಲಿ ಕತ್ತರಿಸಿದ ಕೈಗವಸುಗಳನ್ನು ಊರ ಅರ್ಧ ಜನ ತೊಟ್ಟರು. ಕೆಲವು ಅಚ್ಚುಗಳನ್ನು ಬೇರೆ ಮನೆಯವರು ಎರವಲು ಒಯ್ದರು. ಗೋಡೆಯ ಮೊಳೆಗೆ ನೇತುಹಾಕಿದ ಕಾಗದದ ಕೈಗಳ ಮೇಲೆ ಸ್ವರಗಳಿದ್ದವು ಎನ್ನುವುದನ್ನು ನಾವು ನೋಡುವುದೇ ಬಿಟ್ಟೆವು.

ಆಮೇಲೆ ಪಾರ್ಲಿಮೆಂಟಿನವರ ಆಳ್ವಿಕೆ ಮುಗಿದು, ದೇಶ ಬಿಟ್ಟಿದ್ದ ರಾಜರು ಮರಳಿ ಬಂದರು. ಊರಲ್ಲಿ ದೀಪೋತ್ಸವ, ಗಂಟೆ, ಬೀದಿಬೀದಿಯಲ್ಲಿ ಹುರಿದ ಎತ್ತಿನ ಮಾಂಸ. ಅದಾಗಿ ಕೆಲವು ತಿಂಗಳಿಗೆ ಪಾದ್ರಿ ಕ್ರೌಚ್ ನಮ್ಮ ಓಣಿಗೆ ಬಂದರು. ಯುದ್ಧದ ಕಾಲದಲ್ಲಿ ಚರ್ಚಿನಿಂದ ಹೊರದಬ್ಬಿಸಿಕೊಂಡು, ಅಷ್ಟೂ ವರ್ಷ ಯಾವುದೋ ಹಳ್ಳಿಯ ಕಣಜದಲ್ಲಿ ಮಕ್ಕಳಿಗೆ ಅಕ್ಷರ ಕಲಿಸಿ ಹೊಟ್ಟೆ ಹೊರೆದವರು. ಹಲ್ಲೆಲ್ಲ ಹೋಗಿದ್ದವು. ಮೇಷ್ಟ್ರನ್ನು ನೋಡಿದ ಕೂಡಲೇ ಎರಡೂ ಕೈ ಹಿಡಿದುಕೊಂಡರು.

"ಮೇಷ್ಟ್ರೇ, ಬದುಕಿದ್ದೀರಲ್ಲ. ನಂಗೆ ಅದೇ ಸಾಕು. ಆರ್ಗನ್ ಕಟ್ಟೋರು ಬರ್ತಿದ್ದಾರೆ. ನೀವು ಬಂದು ಕೂತ್ಕೋಬೇಕು."

"ಆಗ್ಲಿ ಪಾದ್ರಿಗಳೇ."

"ಹಾಡೋರ ಪುಸ್ತಕ ಒಂದಷ್ಟು ಸಿಕ್ಕಿವೆ. ಯಾರ್ಯಾರೋ ಪುಣ್ಯಾತ್ಮರು ಹುಲ್ಲಿನಡಿ, ಅಟ್ಟದ ಮೇಲೆ ಮುಚ್ಚಿಟ್ಟಿದ್ರು. ಆರ್ಗನ್‌ದು ಮಾತ್ರ ಒಂದೂ ಇಲ್ಲ. ನಿಮ್ಮ ಹತ್ರ ಒಂದು ದೊಡ್ಡ ಪುಸ್ತಕ ಇತ್ತಲ್ಲ, ಇದ್ಯಾ?"

"ಇದೆ."

"ದೇವ್ರು ದೊಡ್ಡೋನು. ಎಲ್ಲಿ?"

"ಅಗೋ, ಮೊಳೆಗೆ ನೇತು ಹಾಕಿದ್ಯಲ್ಲ."

ಪಾದ್ರಿ ಕ್ರೌಚ್ ಗೋಡೆಯ ಕಡೆ ತಿರುಗಿದರು. ಸ್ವಲ್ಪ ಹೊತ್ತು ಅವರಿಗೆ ತಿಳಿಯಲಿಲ್ಲ. ಹತ್ತಿರ ಹೋಗಿ ಒಂದು ಅಚ್ಚನ್ನು ಇಳಿಸಿ, ಕಣ್ಣಿಗೆ ಹತ್ತಿರ ಹಿಡಿದು, ತಿರುಗಿಸಿ ನೋಡಿ, ನನ್ನ ಪಕ್ಕದ ಮಣೆಯ ಮೇಲೆ ಕೂತುಬಿಟ್ಟರು. ಅಚ್ಚು ಅವರ ಮೊಣಕಾಲ ಮೇಲೆ ಅಂಗಾತ ಬಿದ್ದಿತ್ತು.

"ಯಾರು ಮಾಡಿದ್ದು ಇದನ್ನ?"

"ನಾನು" ಎಂದಳು ಡೋರ್ಕಸ್.

"ಕಾಗದ ಬೇಕಾಗಿತ್ತು" ಎಂದರು ಮೇಷ್ಟ್ರು.

ಪಾದ್ರಿಗಳು ಡೋರ್ಕಸಳನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಆ ಕಾಲದಲ್ಲಿ ಯಾರು ಏನು ಮಾಡ್ಲಿಲ್ಲ" ಎಂದು ಮೆಲ್ಲಗೆ ಹೇಳಿ ಎದ್ದು ಹೋದರು. ಅವರು ಹೋದ ಮೇಲೆ ಡೋರ್ಕಸ್ ಮೊಳೆಗಳ ಮೇಲಿದ್ದ ಅಚ್ಚುಗಳನ್ನೆಲ್ಲ ಇಳಿಸಿ ನೆಲದ ಮೇಲೆ ಹರಡಿದಳು.

"ಸಿಸ್ಲಿ, ಏಳು. ಎರವಲು ಕೊಟ್ಟಿದ್ದೆಲ್ಲ ವಾಪಸ್ ತರ್ಬೇಕು."

ಕೆಲವರು ಕೇಳಿದ ಕೂಡಲೇ ಕೊಟ್ಟರು. ಕೆಲವರು ಕಳೆದಿದೆ ಎಂದರು, ಹುಡುಕಿದರೆ ಸಿಕ್ಕಿತು. ಸೇತುವೆಯ ಪಕ್ಕದ ವಿನಿಫ್ರೆಡ್ ಗಫ್ ಮಾತ್ರ ಬಾಗಿಲಿಗೆ ಅಡ್ಡ ನಿಂತಳು. ಅವಳೂ ವಿಧವೆ, ಹೆಂಗಸರ ಸಣ್ಣ ಕೈಗವಸಿಗೆ ಹೆಸರಾದವಳು. ನಮ್ಮ ಸಣ್ಣ ಅಚ್ಚುಗಳ ಇಡೀ ಕಟ್ಟು ಅವಳ ಹತ್ತಿರವಿತ್ತು.

"ಕೊಡಲ್ಲ. ಕೊಟ್ಟಿದ್ದನ್ನ ವಾಪಸ್ ಕೇಳೋಕೆ ನಾಚ್ಕೆ ಆಗಲ್ವಾ ನಿಂಗೆ? ಈ ಅಚ್ಚಿನ ಕೈಗವಸು ಅಂದ್ರೆ ಗಿರಾಕಿಗಳು ಹುಡುಕ್ಕೊಂಡ್ ಬರ್ತಾರೆ."

"ಚರ್ಚಿಗೆ ಬೇಕಂತೆ, ವಿನಿ."

"ಇಷ್ಟ್ ವರ್ಷ ಬೇಡ್ವಾಗಿತ್ತಲ್ಲ ಚರ್ಚಿಗೆ. ನಮ್ಮ ಮೈದ್ನನೇ ಆ ಕೊಳವೆ ಹೊತ್ಕೊಂಡ್ ಹೋಗಿ ಕೊಟ್ಟು ಏಲ್ ಕುಡ್ದ. ಅವನ್ನ ಕೇಳ್ಹೋಗು, ಹೊಟ್ಟೇಲಿ ಇನ್ನೂ ಸಂಗೀತ ಉಳ್ದಿದ್ರೆ ಕಕ್ಕಿ ಕೊಡ್ತಾನೆ."

ನನಗೆ ನಗು ಬಂತು. ಡೋರ್ಕಸ್ ನಗಲಿಲ್ಲ. ಅವಳು ಒಳಗೆ ಹೋಗಿ ಕೂತು, ವಿನಿಫ್ರೆಡಳ ಹತ್ತಿರವೇ ತೆಳು ಹಲಗೆ ಕೇಳಿ ಪಡೆದು, ಒಂದೊಂದು ಅಚ್ಚನ್ನೂ ಅದರ ಮೇಲಿಟ್ಟು ಗೆರೆ ಎಳೆದು ಕೊರೆಯತೊಡಗಿದಳು. ವಿನಿಫ್ರೆಡ್ ತಲೆಯ ಮೇಲೆ ನಿಂತು ಕಾದಳು. "ನೂಲೆಳೆಯಷ್ಟೂ ಹೆಚ್ಚುಕಮ್ಮಿ ಆಗ್ಬಾರ್ದು, ಹೇಳಿದೀನಿ." ಮಧ್ಯಾಹ್ನದ ಹೊತ್ತಿಗೆ ಹಲಗೆಯ ಹೊಸ ಅಚ್ಚುಗಳು ತಯಾರಾದವು. ವಿನಿಫ್ರೆಡ್ ಅವನ್ನು ಹಳೆಯವುಗಳ ಮೇಲಿಟ್ಟು ನೋಡಿ, ಸರಿಯಿದೆ ಅನ್ನಿಸಿದ ಮೇಲೆ ನಮಗೆ ರೊಟ್ಟಿ, ಗಿಣ್ಣು ಕೊಟ್ಟಳು.

"ನಿನ್ ಗಂಡಂಗೆ ಏನಾದ್ರೂ ಅನ್ನಿಸ್ತಾ, ಪಾದ್ರಿ ಬಂದಾಗ?"

"ಇಲ್ಲ."

"ಅನ್ಸಲ್ಲ ಕಣೆ. ಆ ಮನೇಲಿ ಯಾರೂ ಇಲ್ಲ. ನೀನು ಸುಮ್ನೆ ಬಾಗ್ಲು ಬಡೀತಿದೀಯ."

ಡೋರ್ಕಸ್ ಗಿಣ್ಣನ್ನು ಬಾಯಿಗಿಡದೆ ಹಾಗೇ ಕೈಯಲ್ಲಿ ಹಿಡಿದುಕೊಂಡಿದ್ದಳು.

ಮನೆಗೆ ತಂದ ಮೇಲೆ ಅಂಟು ಬಿಡಿಸುವ ಕೆಲಸ. ಅಚ್ಚಿನ ಹೊರಮೈಯ ಸ್ವರಗಳು ತೊಗಲಿಗೆ ಉಜ್ಜಿ ಉಜ್ಜಿ ಮಾಸಿದ್ದವು, ಕೆಲವು ಕಡೆ ಬರೀ ಕಂದು ಕಲೆ. ಒಳಗೆ ಅಂಟಿದ್ದ ಮೈ ಮಾತ್ರ ಚೆನ್ನಾಗಿರಬಹುದು ಎಂದು ಡೋರ್ಕಸಳ ಲೆಕ್ಕ. ಅಗಲ ಬೋಗುಣಿಯಲ್ಲಿ ಉಗುರುಬೆಚ್ಚಗಿನ ನೀರಿಟ್ಟು ಒಂದೊಂದೇ ಕಾಗದದ ಕೈಯನ್ನು ಮುಳುಗಿಸಿದಳು. ಹಿಟ್ಟಿನ ಅಂಟು ನೆನೆದು ಜಾರಿದಾಗ ಎರಡು ಹಾಳೆ ಮೆತ್ತಗೆ ಬೇರ್ಪಟ್ಟವು. ಅವಳ ಲೆಕ್ಕ ಸರಿಯಾಗಿತ್ತು. ಮಾಯಿಫಲದ ಕಾಯಿ ಅರೆದು ಮಾಡಿದ ಮಸಿ, ಒಣಗಿದ ಮೇಲೆ ನೀರಿಗೆ ಬಿಡಲಿಲ್ಲ. ಒಳಗೆ ನಿನ್ನೆ ಬರೆದ ಹಾಗೆ ಕರಿಯ ಸ್ವರಗಳು. ನಾನು ಅವನ್ನು ಬಟ್ಟೆಯ ಮೇಲೆ ಒತ್ತಿ, ಒಲೆಯ ಹತ್ತಿರ ಕಟ್ಟಿದ ನೂಲಿಗೆ ನೇತು ಹಾಕಿದೆ. ಮನೆ ತುಂಬ ಒದ್ದೆ ಕೈಗಳು.

ಮೇಷ್ಟ್ರಿಗೆ ಪಾದ್ರಿಗಳು ಹೊಸ ಕಾಗದ ಕಳಿಸಿದ್ದರು. ಹಗಲು ಬೆಳಕಿರುವಷ್ಟು ಹೊತ್ತು ಕೂತು ಬರೆದರು. ಐದು ಮೂತಿಯ ಲೇಖನಿಯಿತ್ತು, ಅದರಿಂದ ಐದು ಗೆರೆ ಒಟ್ಟಿಗೆ ಎಳೆದು ಆರನೆಯದನ್ನು ಕೈಯಲ್ಲೇ ಸೇರಿಸುತ್ತಿದ್ದರು. ಅಚ್ಚಿನ ತುಂಡುಗಳನ್ನು ಮೇಜಿನ ಮೇಲೆ ಜೋಡಿಸಿಟ್ಟು ನೋಡಿ ಬರೆಯುವುದು. ಬೆರಳ ಸಂದಿಗಾಗಿ ಕತ್ತರಿಸಿ ಒಲೆಗೆ ಹೋದ ಜಾಗ ಬಂದಾಗ ಎಡಗೈಯನ್ನು ಮೇಜಿನ ಮೇಲಿಟ್ಟು ಬೆರಳಾಡಿಸುತ್ತಿದ್ದರು, ಬಲಗೈ ಬರೆದುಕೊಂಡು ಹೋಗುತ್ತಿತ್ತು.

"ಎಲ್ಲ ನೆನಪಿದ್ಯಾ ಮೇಷ್ಟ್ರೇ?" ಎಂದೆ.

"ನೆನಪಿಲ್ಲ. ಕೈ ಹೋಗ್ತಾ ಇದೆ, ನಾನು ಹಿಂದೆ ಹಿಂದೆ ಹೋಗ್ತಿದೀನಿ."

ಒಂದು ದಿನ ಡೋರ್ಕಸ್ ಬೋಗುಣಿಯ ಮುಂದೆ ಕೂತವಳು ಅಲ್ಲಾಡದೆ ಕೂತಿದ್ದಳು. ನಾನು ಹೋಗಿ ಬಗ್ಗಿ ನೋಡಿದೆ. ಅವಳ ಅಂಗೈಯ ಮೇಲೆ ಹೆಬ್ಬೆರಳಿನ ಅಚ್ಚೊಂದು ಬಿಚ್ಚಿಕೊಂಡು ಬಿದ್ದಿತ್ತು. ಅದರ ಮೇಲೆ ದೊಡ್ಡ ದೊಡ್ಡ ಸ್ವರಗಳು, ಒಂದೊಂದರ ನೆತ್ತಿಯಲ್ಲೂ ಅಂಕಿ. ಅಂಚಿನಲ್ಲಿ ಮಗುವಿನ ಕೈಯ ಬರಹ, ತಲೆಕೆಳಗಾಗಿ ಬರೆದ ಒಂದು ಅಕ್ಷರ. ಡೋರ್ಕಸ್ ಎದ್ದು ಅದನ್ನು ಗಂಡನ ಮುಂದೆ, ಬರೆಯುತ್ತಿದ್ದ ಹಾಳೆಯ ಮೇಲೆಯೇ ಇಟ್ಟಳು. ನೀರು ತೊಟ್ಟಿಕ್ಕಿ ಇನ್ನೂ ಒಣಗದ ಮಸಿ ಕದಡಿತು.

"ಹೆಸ್ಟರ್‌ದು" ಎಂದಳು.

ಮೇಷ್ಟ್ರು ಅದನ್ನು ಎತ್ತಿ ಬೆಳಕಿಗೆ ಹಿಡಿದರು. "ಹೌದು. ಇದ್ರದ್ದು ಆಚೆ ಅರ್ಧ ಹೋಗಿದೆ. ಹೋಗ್ಲಿ, ಚಿಕ್ಕ ಪಾಠ, ಬರ್ಕೋಬಹುದು."

"ಅಷ್ಟೇನಾ?"

"ಇನ್ನೇನು?"

ಡೋರ್ಕಸ್ ಬೋಗುಣಿಯನ್ನು ಎತ್ತಿ ನೀರನ್ನು ಬಾಗಿಲಾಚೆ ಚೆಲ್ಲಿದಳು. ಒಳಗಿದ್ದ ಅಚ್ಚುಗಳೂ ಅದರ ಜೊತೆ ಕಲ್ಲಿನ ಮೇಲೆ ಬಿದ್ದವು. ನಾನು ಹೋಗಿ ಆರಿಸಿಕೊಂಡು ಬಂದೆ. ಅವಳು ಒಲೆಯ ಕಡೆ ಮುಖ ಮಾಡಿ ನಿಂತೇ ಇದ್ದಳು. ಮೇಷ್ಟ್ರು ಕದಡಿದ ಹಾಳೆಯನ್ನು ಪಕ್ಕಕ್ಕಿಟ್ಟು, ಹೊಸದಕ್ಕೆ ಗೆರೆ ಎಳೆದು, ಹೆಸ್ಟರಳ ಪಾಠವನ್ನು ಅದರ ಸರದಿ ಬಂದಾಗ ಬರೆದರು. ಅಂಕಿಗಳನ್ನೂ ಬಿಡಲಿಲ್ಲ. ಆ ಪುಟ್ಟ ಪಾಠದಿಂದ ಚರ್ಚಿಗೆ ಏನೂ ಆಗಬೇಕಿರಲಿಲ್ಲ.

ಹೊಸ ಆರ್ಗನ್ ಎದ್ದು ನಿಲ್ಲುವ ಹೊತ್ತಿಗೆ ಪುಸ್ತಕ ಮುಗಿದಿತ್ತು. ಮೊದಲ ಸಂಜೆಯ ಪ್ರಾರ್ಥನೆಗೆ ಊರೇ ಬಂದಿತ್ತು. ಹಿಂದೆ ಕೊಳವೆ ಹೊತ್ತುಕೊಂಡು ಹೋಗಿದ್ದವರೂ ಒಳ್ಳೆಯ ಬಟ್ಟೆ ತೊಟ್ಟು ಬಂದಿದ್ದರು. ಹಾಡುವ ಹುಡುಗರಿಗೆ ಅಭ್ಯಾಸ ಸಾಲದಾಗಿತ್ತು, ದೊಡ್ಡವರ ದನಿ ತುಕ್ಕು ಹಿಡಿದಿತ್ತು. ಆದರೆ ಆರ್ಗನ್ ಹಾಗಲ್ಲ. ನಾನು ಹುಡುಗಿಯಾಗಿದ್ದಾಗ ಕೇಳಿದ್ದು ಅದೇ, ಏನೂ ಬದಲಾಗಿರಲಿಲ್ಲ. ಪಾದ್ರಿ ಕ್ರೌಚ್ ಪುಸ್ತಕದಿಂದ ಮುಖ ಮುಚ್ಚಿಕೊಂಡು ಅತ್ತರು. ವಿನಿಫ್ರೆಡ್ ಕೂಡ ಮೂಗು ಒರೆಸಿಕೊಂಡಳು. ನೆಗಡಿ ಎಂದಳು.

ಡೋರ್ಕಸ್ ಮಾತ್ರ ಮೇಲಿನ ಮರದ ಕಟಕಟೆಯ ಕಡೆಗೇ ನೋಡುತ್ತಿದ್ದಳು. ಅಲ್ಲಿ ಮೇಷ್ಟ್ರ ಬೆನ್ನು, ತಲೆಯ ಹಿಂಭಾಗ ಅಷ್ಟೇ ಕಾಣುತ್ತಿತ್ತು. ಎಲ್ಲ ಮುಗಿದು ಅವರು ಇಳಿದು ಬಂದಾಗ ಜನ ಸುತ್ತ ನೆರೆದು ಕೈ ಕುಲುಕಿದರು. ಅವರು ಒಬ್ಬೊಬ್ಬರಿಗೂ ತಲೆ ಅಲ್ಲಾಡಿಸಿದರು. ಜನ ಚದುರಿದ ಮೇಲೆ ಡೋರ್ಕಸ್ ಹತ್ತಿರ ಹೋದಳು.

"ಹೇಗಿತ್ತು ನಿಮ್ಗೆ?"

"ಬಲಗಡೆ ಒಂದು ಕೊಳವೆ ಗಾಳಿ ಬಿಡ್ತಿದೆ. ಕಟ್ಟಿದೋರಿಗೆ ಹೇಳ್ಬೇಕು."

ಮರುದಿನ ಬೆಳಿಗ್ಗೆ ನಾನು ಹೊಲಿಗೆಗೆ ಹೋದಾಗ ಮೇಷ್ಟ್ರು ಹಲಗೆಯ ಮುಂದೆ ತೊಗಲು ಎಳೆಯುತ್ತಿದ್ದರು. ಡೋರ್ಕಸ್ ಎದುರಿಗೆ ಕೂತಿದ್ದಳು, ಕೈಯಲ್ಲಿ ಸೂಜಿ ಇರಲಿಲ್ಲ. ನಾನು ಬಂದದ್ದು ನೋಡಿಯೂ ಅವಳು ಮಾತು ನಿಲ್ಲಿಸಲಿಲ್ಲ.

"ಅವತ್ತು ಪುಸ್ತಕ ಕತ್ತರ್ಸಿದ್ದು ಕಾಗದಕ್ಕಲ್ಲ" ಎಂದಳು. "ಕಾಗದ ಪೇಟೇಲಿ ಸಿಗ್ತಿತ್ತು. ನೀವು ಎದ್ದು ಬಂದು ನನ್ನ ಕೈಯಿಂದ ಕಿತ್ಕೋಬೇಕು, ಕೆನ್ನೆಗೊಂದು ಹೊಡೀಬೇಕು ಅಂತ ಕತ್ತರ್ಸಿದ್ದು."

"ಗೊತ್ತಿತ್ತು" ಎಂದರು ಮೇಷ್ಟ್ರು.

"ಗೊತ್ತಿತ್ತಾ?"

"ನೀನು ಪ್ರತಿ ದಾರಕ್ಕೂ ನನ್ನ ಮುಖ ನೋಡ್ತಿದ್ಯಲ್ಲ. ಗೊತ್ತಾಗದೇ ಏನು."

"ಮತ್ತೆ ಯಾಕೆ ಹೊಡೀಲಿಲ್ಲ?"

ಅವರು ತೊಗಲನ್ನು ಕೆಳಗಿಟ್ಟರು. "ಹೊಡಿಯೋಣ ಅನ್ಕೊಂಡೆ. ನಿನಗೆ ಅದು ಬೇಕಾಗಿತ್ತು ಅಂತ್ಲೂ ಗೊತ್ತಿತ್ತು. ಕೈ ಏಳ್ಲಿಲ್ಲ, ಡೋರ್ಕಸ್. ಸಿಟ್ಟು ಬರ್ದೇ ಹೊಡೆದ್ರೆ ಅದು ಮೋಸ ಅಲ್ವಾ. ಅದಕ್ಕೆ ಹಾಳೆ ಹಿಡ್ಕೊಂಡೆ. ಅಷ್ಟಾದ್ರೂ ಮಾಡೋಣ ಅಂತ."

ಡೋರ್ಕಸ್ ಬಹಳ ಹೊತ್ತು ಅವರನ್ನೇ ನೋಡಿದಳು. ಆಮೇಲೆ ಸೂಜಿಗೆ ದಾರ ಪೋಣಿಸಿದಳು. "ಸರಿ ಬಿಡಿ" ಎಂದಳು.

ಅವತ್ತಿನಿಂದ ಅವಳು ಗಂಡನ ಮುಖ ನೋಡುವುದನ್ನು ಬಿಟ್ಟಳು. ಸಿಟ್ಟಿನಿಂದಲ್ಲ. ಕಾಯುತ್ತಿದ್ದ ಗಾಡಿ ಬರುವುದಿಲ್ಲ ಎಂದು ಗೊತ್ತಾದ ಮೇಲೆ ಜನ ಗಂಟು ಎತ್ತಿಕೊಂಡು ನಡೆಯುತ್ತಾರಲ್ಲ, ಹಾಗೆ. ಸಂಜೆ ಹೊತ್ತು ವಿನಿಫ್ರೆಡಳ ಮನೆಗೆ ಹೋಗಿ ಕೂರುವುದು ರೂಢಿ ಮಾಡಿಕೊಂಡಳು. ಅಲ್ಲಿ ಅವರಿಬ್ಬರ ಜಗಳ ಸೇತುವೆಯವರೆಗೆ ಕೇಳುತ್ತಿತ್ತು. ಮೈಯಲ್ಲಿ ಒಂಚೂರು ಮಾಂಸ ಬಂತು. ಆದರೂ ಗಂಡನ ಊಟಕ್ಕೆ ಉಪ್ಪು ಸರಿಯಾಗಿ ಹಾಕುತ್ತಿದ್ದಳು, ಅಂಗಿ ತೇಪೆ ಹಾಕಿ ಕೊಡುತ್ತಿದ್ದಳು, ಚರ್ಚಿನ ಚಳಿಗೆ ಬೆರಳ ತುದಿ ಇಲ್ಲದ ಒಂದು ಜೊತೆ ಕೈಗವಸು ಹೊಲಿದು ಕೊಟ್ಟಳು. ಅವರು ಹಾಕಿಕೊಂಡರು.

ಮೇಷ್ಟ್ರು ಹಗಲು ತೊಗಲು, ಬೆಳಿಗ್ಗೆ ಸಂಜೆ ಆರ್ಗನ್ ಎಂದು ಕೆಲವು ವರ್ಷ ನಡೆಸಿದರು. ಒಂದು ಸ್ವರವೂ ತಪ್ಪಲಿಲ್ಲ. ಹಾಡುವವರು ಮಾತ್ರ ಗೊಣಗಿದರು: "ಗಡಿಯಾರದ ಜೊತೆ ಹಾಡಿದ ಹಾಗೆ." ಆ ಗೊಣಗಾಟ ಚರ್ಚಿನ ಮುಖ್ಯಸ್ಥರಾದ ಡೀನರ ಕಿವಿಗೂ ಬಿತ್ತು. ಲಂಡನ್ನಿನಿಂದ ಲಯನೆಲ್ ಫಾರ್ ಎಂಬ ಯುವಕನನ್ನು ಕರೆಸಿದರು. ಈ ಸುದ್ದಿ ಹೇಳಲು ಬಂದ ಪಾದ್ರಿ ಕ್ರೌಚ್ ಹವಾಮಾನದ ಮಾತಾಡುತ್ತ ಕೂತರು. ಕೊನೆಗೆ ಮೇಷ್ಟ್ರೇ ಕೇಳಿದರು.

"ಬೇರೆಯೋರು ಬರ್ತಾರಾ?"

"ಹೌದು ಮೇಷ್ಟ್ರೇ. ನಂಗೆ ತುಂಬಾ ಬೇಜಾರು."

"ಒಳ್ಳೇದಾಯ್ತು. ಮೆಟ್ಲು ಹತ್ತೋಕೆ ಮಂಡಿ ನೋವು." ಪುಸ್ತಕವನ್ನು ಬಟ್ಟೆಯಲ್ಲಿ ಸುತ್ತಿ ಅಲ್ಲೇ ಕೊಟ್ಟು ಕಳಿಸಿದರು.

ಆ ಯುವಕ ಒಳ್ಳೆಯವನೇ. ನಡುವಿನ ಸ್ವರಗಳಿಲ್ಲದ ಪುಟಗಳು ಅರ್ಥವಾಗದೆ ಕೆಲವು ಸಲ ಮನೆಗೆ ಬಂದು ಕೇಳುತ್ತಿದ್ದ. ಮೇಷ್ಟ್ರು ಹಲಗೆಯ ಮೇಲೆ ಬೆರಳಿಟ್ಟು ತೋರಿಸುತ್ತಿದ್ದರು. "ಇಲ್ಲಿ ನಿಮ್ಗೇನನ್ನಿಸುತ್ತೆ, ಮೆಲ್ಲಗೆ ಹೋಗ್ಬೇಕಾ?" ಎಂದು ಅವನು ಕೇಳಿದರೆ, "ಅನ್ನಿಸೋದು ನಿಮ್ಗೆ ಬಿಟ್ಟಿದ್ದು. ನಂಗೆ ಸ್ವರ ಗೊತ್ತು, ಅಷ್ಟೇ" ಎನ್ನುತ್ತಿದ್ದರು. ಪುಸ್ತಕದ ಕೊನೆಗೆ ಖಾಲಿ ಉಳಿದಿದ್ದ ಹಾಳೆಗಳಲ್ಲಿ ಫಾರ್ ಲಂಡನ್ನಿನ ಹೊಸ ರಚನೆಗಳನ್ನು ಬರೆದುಕೊಂಡ. ಅವನ ಅಕ್ಷರ ಚೆನ್ನಾಗಿರಲಿಲ್ಲ.

ಡೋರ್ಕಸ್ ಹೋದದ್ದು ಎದೆ ಕಟ್ಟಿ, ಚಳಿಗಾಲದ ಕೊನೆಯಲ್ಲಿ. ಎರಡು ವಾರ ಮಲಗಿದ್ದಳು. ಮೇಷ್ಟ್ರು ಪಕ್ಕದಲ್ಲೇ ಕೂತು ಹೊತ್ತು ಹೊತ್ತಿಗೆ ನೀರು ಕುಡಿಸುತ್ತಿದ್ದರು, ಮಗ್ಗುಲು ಬದಲಿಸುತ್ತಿದ್ದರು. ಯಾವ ಹೆಂಗಸೂ ಅಷ್ಟು ಚೆನ್ನಾಗಿ ನೋಡಿಕೊಳ್ಳುತ್ತಿರಲಿಲ್ಲ. ಒಂದು ಮಧ್ಯಾಹ್ನ ಅವಳು ಕಣ್ಣು ಬಿಟ್ಟು, "ನೀವು ಕೆಟ್ಟೋರಲ್ಲ" ಎಂದಳು. ಅವರು, "ಅಲ್ಲ" ಎಂದರು. ಅದಾದ ಮೇಲೆ ಅವಳು ಮಾತಾಡಿದ್ದು ನನ್ನ ಜೊತೆ, ಯಾವುದೋ ಗಿರಾಕಿಯ ಕೈಗವಸಿನ ಬಗ್ಗೆ.

ಗೋರಿಯ ಹತ್ತಿರ ಜನ ಮೇಷ್ಟ್ರ ಮುಖವನ್ನೇ ನೋಡುತ್ತಿದ್ದರು. ನಾನೂ ನೋಡಿದೆ, ಸುಳ್ಳು ಹೇಳುವುದೇಕೆ. ಏನೂ ಇರಲಿಲ್ಲ. ಮಣ್ಣು ಹಾಕುವಾಗ ಗುದ್ದಲಿಯವನ ಕೈಗವಸು ಹರಿದಿದ್ದನ್ನು ಅವರು ಗಮನಿಸಿದರು. ಒಂದು ವಾರ ಬಿಟ್ಟು ಅವನಿಗೆ ಹೊಸ ಜೊತೆ ಕಳಿಸಿದರು.

ಒಬ್ಬರೇ ಉಳಿದ ಮೇಲೆ ಅವರು ಅಂಗಡಿ ಮುಚ್ಚಿ ವಿನಿಫ್ರೆಡಳ ಮನೆಯಲ್ಲಿ ಕತ್ತರಿಸುವ ಕೆಲಸಕ್ಕೆ ಸೇರಿದರು. ನಾನೂ ಅಲ್ಲಿಗೇ ಹೋದೆ. ವಿನಿಫ್ರೆಡ್ ಬೆಳಗಿಂದ ಸಂಜೆವರೆಗೆ ಬಾಯಿ ಮುಚ್ಚುವವಳಲ್ಲ. ಮೈದುನನನ್ನು ಬೈಯುವಳು, ಡೀನರನ್ನು ಬೈಯುವಳು, ತೊಗಲು ಹದ ಮಾಡುವವರನ್ನು ಬೈಯುವಳು, ಎದುರಿಗಿದ್ದ ಮೇಷ್ಟ್ರನ್ನೂ ಬೈಯುವಳು. ಅವರು ಎಲ್ಲದಕ್ಕೂ "ಹೌದು" ಎನ್ನುವರು. "ಇಂಥೋರು ಸಿಗಲ್ಲ ಕಣೆ ಸಿಸ್ಲಿ, ಎಷ್ಟ್ ಬೈದ್ರೂ ಹಾಗೇ ಇರ್ತಾರೆ" ಎಂದು ನನಗೆ ಹೇಳುತ್ತಿದ್ದಳು. ಅವರ ತಟ್ಟೆಗೆ ದೊಡ್ಡ ತುಂಡು ಮಾಂಸ ಹಾಕುತ್ತಿದ್ದದ್ದೂ ಅವಳೇ.

ಒಂದು ವಸಂತದ ಬೆಳಿಗ್ಗೆ ಅವರು ಬರಲಿಲ್ಲ. ನಾನು ಹೋಗಿ ಬಾಗಿಲು ತಳ್ಳಿದೆ. ಹಾಸಿಗೆಯ ಮೇಲೆ ನೆಟ್ಟಗೆ ಮಲಗಿದ್ದರು, ಹೊದಿಕೆ ಕೂಡ ಸುಕ್ಕಾಗಿರಲಿಲ್ಲ.

ಅವರನ್ನು ಮಣ್ಣು ಮಾಡಿದ ದಿನ ಚರ್ಚಿನಲ್ಲಿ ಫಾರ್ ನುಡಿಸಿದ. ಸ್ವಲ್ಪ ಬೇಗ ಬೇಗ ನುಡಿಸಿದ ಅನ್ನಿಸಿತು. ಚೆನ್ನಾಗಿತ್ತೋ ಇಲ್ಲವೋ ನನಗೆ ತಿಳಿಯದು. ಹೊರಗೆ ಬಂದಾಗ ವಿನಿಫ್ರೆಡ್ ಬಾಗಿಲಲ್ಲಿ ಕಾಯುತ್ತಿದ್ದಳು. ಮಂಡಿ ಊದಿಕೊಂಡು ಅವಳಿಗೆ ಒಳಗೆ ಬಂದು ನಿಲ್ಲಲು ಆಗಿರಲಿಲ್ಲ.

"ಮುಗೀತಾ?"

"ಮುಗೀತು."

"ನಡಿ ಹಂಗಾದ್ರೆ. ನಾಳೆ ಸಂತೆ, ಇನ್ನೂ ಅರ್ಧ ಹೊಲಿಗೆ ಹಾಗೇ ಬಿದ್ದಿದೆ."

ನಾನು ಅವಳ ತೋಳು ಹಿಡಿದುಕೊಂಡೆ. ಇಬ್ಬರೂ ಮೆಲ್ಲಗೆ ಸೇತುವೆಯ ಕಡೆಗೆ ನಡೆದೆವು.